ಆರ್ಚ್‌ಬಿಷಪ್ ಟುಟು ಮತ್ತು ಭರವಸೆಯ ಸ್ವರೂಪ

ಎಲ್ಲವೂ ಸುಗಮವಾಗಿ ಸಾಗುತ್ತಿರುವಾಗ ನಾಳೆಯಲ್ಲಿ ನಂಬಿಕೆಯಿಡುವುದು ಯಾರಿಗೂ ಕಷ್ಟವಲ್ಲ. ಹಾದಿಯೇ ಕಾಣದಾದಾಗ ಆ ನಂಬಿಕೆ ಯಾವುದರ ಮೇಲೆ ನಿಲ್ಲಬೇಕು, ಮನುಷ್ಯನಿಂದ ಏನನ್ನು ಮಾಡಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ದಕ್ಷಿಣ ಆಫ್ರಿಕದ ಆಂಗ್ಲಿಕನ್ ಧರ್ಮಗುರು ಡೆಸ್ಮಂಡ್ ಟುಟು (1931–2021) ಅವರ ಜೀವನದಲ್ಲಿ ಇದಕ್ಕೊಂದು ಉತ್ತರವಿದೆಯೆಂದು ನಾನು ಭಾವಿಸುತ್ತೇನೆ.

ಟುಟು ಹುಟ್ಟಿದ್ದು ಕ್ಲರ್ಕ್ಸ್‌ಡಾರ್ಪ್ ಎಂಬ ಊರಿನಲ್ಲಿ. ತಂದೆ ಶಾಲೆಯ ಉಪಾಧ್ಯಾಯರು; ತಾಯಿ ಪರರ ಮನೆಗಳಲ್ಲಿ ದುಡಿದವರು. ಬಾಲ್ಯದಲ್ಲಿ ಕ್ಷಯರೋಗ ತಗುಲಿ ಸುಮಾರು 20 ತಿಂಗಳು ಆಸ್ಪತ್ರೆಯಲ್ಲಿದ್ದಾಗ, ಟ್ರೆವರ್ ಹಡಲ್‌ಸ್ಟನ್ ಎಂಬ ಬಿಳಿಯ ಪಾದ್ರಿ ಈ ಕಪ್ಪು ಹುಡುಗನನ್ನು ತಪ್ಪದೆ ನೋಡಲು ಬರುತ್ತಿದ್ದರು. ಮುಂದೆ ಟುಟು ತಾವೂ ಉಪಾಧ್ಯಾಯರಾದರು. ಆದರೆ 1953ರ ಬಂಟು ಶಿಕ್ಷಣ ಕಾಯಿದೆಯು ಕಪ್ಪು ಜನರ ಮಕ್ಕಳಿಗೆ ಕೀಳುತರದ ವಿದ್ಯೆಯನ್ನೇ ವಿಧಿಸಿತು. ಅದರಲ್ಲಿ ಪಾಲುಗೊಳ್ಳಲೊಲ್ಲದೆ ಅವರು ಹುದ್ದೆಯನ್ನು ತೊರೆದು ದೇವತಾಶಾಸ್ತ್ರವನ್ನು ಓದಿ 1961ರಲ್ಲಿ ಪಾದ್ರಿಯಾದರು.

1976ರ ಮೇ ತಿಂಗಳಲ್ಲಿ ಅವರು ಪ್ರಧಾನಿ ಫೋರ್ಸ್ಟರ್ ಅವರಿಗೆ ಪತ್ರ ಬರೆದು, ಜನರ ತಾಳ್ಮೆ ತೀರುತ್ತಿದೆಯೆಂದು ಎಚ್ಚರಿಸಿದರು. ಪತ್ರಕ್ಕೆ ಬೆಲೆ ದೊರೆಯಲಿಲ್ಲ. ಜೂನ್ 16ರಂದು ಸೊವೆಟೊದಲ್ಲಿ, ಆಫ್ರಿಕಾನ್ಸ್ ಭಾಷೆಯ ಹೇರಿಕೆಯನ್ನು ವಿರೋಧಿಸಿ ಹೊರಟ ಶಾಲಾ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹೇಳಿದ ಮಾತು ವ್ಯರ್ಥವಾದಾಗ ಕೈಚೆಲ್ಲುವುದು ಮನುಷ್ಯಸಹಜ. ಟುಟು ಹಾಗೆ ಮಾಡದೆ 1978ರಲ್ಲಿ ದಕ್ಷಿಣ ಆಫ್ರಿಕದ ಚರ್ಚುಗಳ ಮಂಡಲಿಯ ಪ್ರಧಾನ ಕಾರ್ಯದರ್ಶಿಯಾಗಿ ಹೋರಾಟವನ್ನು ಮುಂದುವರಿಸಿದರು. ಸರಕಾರ ಅವರ ಪಾಸ್‌ಪೋರ್ಟನ್ನು ಕಸಿದುಕೊಂಡಿತು. 1984ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. 1986ರಲ್ಲಿ ಅವರು ಕೇಪ್‌ಟೌನಿನ ಆರ್ಚ್‌ಬಿಷಪ್ ಆದರು.

ತಾನು ಆಶಾವಾದಿಯಲ್ಲ, ಭರವಸೆಗೆ ಸೆರೆಯಾದವನು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಇದು ಮಾತಿನ ಚಮತ್ಕಾರವಲ್ಲ. ಆಶಾವಾದಕ್ಕೆ ಲಕ್ಷಣಗಳು ಬೇಕು; ಮೋಡ ಕಂಡರೆ ಮಳೆಯನ್ನು ನಿರೀಕ್ಷಿಸುತ್ತದೆ, ಕಾಣದಿದ್ದರೆ ಕುಗ್ಗುತ್ತದೆ. ಭರವಸೆಯಾದರೋ ಮೋಡವಿಲ್ಲದಾಗಲೂ ಹೊಲವನ್ನು ಹಸನು ಮಾಡಿಸುತ್ತದೆ. ಅನ್ಯಾಯಕ್ಕೆ ಕೊನೆಯ ಮಾತು ದಕ್ಕದು ಎಂಬ ಶ್ರದ್ಧೆಯೇ ಅದರ ನೆಲೆ.

ಈ ಶ್ರದ್ಧೆ ಎದುರಾಳಿಯನ್ನೂ ಹೊರಗಿಡಲಿಲ್ಲ. 1985ರ ಜುಲೈನಲ್ಲಿ ಡುಡುಜಾದಲ್ಲಿ, ಪೊಲೀಸರ ಗೂಢಚಾರನೆಂಬ ಸಂಶಯದಿಂದ ಒಬ್ಬನನ್ನು ಸುಡಹೊರಟ ಗುಂಪಿನೊಳಗೆ ಟುಟು ನುಗ್ಗಿ ಅವನನ್ನು ಉಳಿಸಿದರು. ಗುಂಪಿನವರು ಅವರ ಪಕ್ಷದವರೇ! 1988ರ ಫೆಬ್ರವರಿಯಲ್ಲಿ ಸರಕಾರ 17 ಸಂಸ್ಥೆಗಳ ಚಟುವಟಿಕೆಗಳನ್ನು ನಿಷೇಧಿಸಿತು. ಮಂಡೇಲ ಇನ್ನೂ ಸೆರೆಯಲ್ಲಿದ್ದರು. ಮರುತಿಂಗಳೇ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಟುಟು, ನೀವು ಆಗಲೇ ಸೋತಿದ್ದೀರಿ, ಗೆಲ್ಲುವ ಪಕ್ಷಕ್ಕೆ ಬನ್ನಿ ಎಂದು ಆಳುವವರನ್ನೇ ಆಹ್ವಾನಿಸಿದರು. 1990ರಲ್ಲಿ ಮಂಡೇಲ ಬಿಡುಗಡೆಯಾದರು. 1994ರ ಏಪ್ರಿಲ್ 27ರಂದು, ತಮ್ಮ 62ನೆಯ ವಯಸ್ಸಿನಲ್ಲಿ, ಟುಟು ಮೊದಲ ಬಾರಿಗೆ ಮತ ಹಾಕಿದರು.

ಭರವಸೆಯುಳ್ಳವನಿಗೆ ಕಣ್ಣೀರಿಲ್ಲವೆಂದಲ್ಲ. 1996ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷರಾಗಿ ಚಿತ್ರಹಿಂಸೆಗೊಳಗಾದವರ ಹೇಳಿಕೆ ಕೇಳುತ್ತ, ಅವರು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಬಳಿಕ ಕಣ್ಣೊರೆಸಿಕೊಂಡು ವಿಚಾರಣೆಯನ್ನು ನಡೆಸಿದರು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ವರ್ಣಭೇದ ನೀತಿ ಒಬ್ಬ ಗುರುವಿನ ಶ್ರದ್ಧೆಯಿಂದಲೇ ಅಳಿಯಿತೇ? ಖಂಡಿತ ಇಲ್ಲ, ಕಾರ್ಮಿಕರ ಮುಷ್ಕರ, ವಿದ್ಯಾರ್ಥಿಗಳ ಬಲಿದಾನ, ಪರರಾಷ್ಟ್ರಗಳ ಆರ್ಥಿಕ ದಿಗ್ಬಂಧನ ಎಲ್ಲವೂ ಸೇರಿ ಅದನ್ನು ಉರುಳಿಸಿದುವು. ಆದರೆ ದೀರ್ಘಕಾಲದ ಹೋರಾಟದಲ್ಲಿ ಜನರು ದ್ವೇಷಕ್ಕೂ ದಣಿವಿಗೂ ಬಲಿಯಾಗದಂತೆ ಕಾಯುವವರೂ ಬೇಕು. ಇನ್ನು, ದೇವರನ್ನು ನಂಬದವನಿಗೆ ಈ ಪಾಠ ಸಲ್ಲುವುದೇ? ಸಲ್ಲುತ್ತದೆಂದೇ ನನ್ನ ಅಭಿಪ್ರಾಯ. ಫಲ ಇಂದೇ ಕಾಣದಿದ್ದರೂ ಕರ್ತವ್ಯವನ್ನು ಬಿಡದಿರುವುದಕ್ಕೆ ಮತದ ಹಂಗಿಲ್ಲ.

ಪರೀಕ್ಷೆಯಲ್ಲಿ ಸೋತಾಗ, ಪದವಿ ಪಡೆದೂ ಕೆಲಸ ಸಿಗದಾದಾಗ, 'ಈ ದೇಶ ಸುಧಾರಿಸುವುದಿಲ್ಲ, ನಮ್ಮಿಂದೇನಾದೀತು' ಎಂಬ ಮಾತು ನಮ್ಮ ನಾಲಗೆಗೆ ಸುಲಭವಾಗಿ ಬರುತ್ತದೆ. ಆ ಮಾತು ಬುದ್ಧಿವಂತಿಕೆಯಂತೆ ಕಂಡರೂ, ಕೆಲಸದಿಂದ ನುಣುಚಿಕೊಳ್ಳಲು ಅದೇ ಅನುಮತಿಯಾಗುತ್ತದೆ. ನಾಳೆ ಒಳ್ಳೆಯದಾಗುವುದೋ ಇಲ್ಲವೋ ಎಂದು ಕಾಯುತ್ತ ಕೂರದೆ, ಇಂದು ನಮ್ಮ ಪಾಲಿಗೆ ಬಂದ ಒಳ್ಳೆಯ ಕೆಲಸವನ್ನು ಮಾಡುವುದೇ ಭರವಸೆ.