ನಿನ್ನ ಪಾಲಿನ ಗೋಡೆ

ಓದುವ ಭಾಗ: ನೆಹೆಮೀಯ 3ನೇ ಅಧ್ಯಾಯ



ಸಾವಳಗಿ, ಜಮಖಂಡಿ ಕಡೆಯವರು ಯಾರಿದ್ದೀರಿ? ಕೈ ಎತ್ತ್ರಿ. ನಿಮಗೆ ಚಿಕ್ಕಪಡಸಲಗಿ ಬ್ಯಾರೇಜ್ ಗೊತ್ತೇ ಐತಿ. ಸರ್ಕಾರ ಕಟ್ಟಲಿ ಅಂತ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿದರು, ತಾವೇ ದುಡಿದರು. 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ನಿಂತಿತು. ಅದರ ಹೆಸರು ಶ್ರಮಬಿಂದು ಸಾಗರ. ಶ್ರಮಬಿಂದು ಅಂದ್ರೆ ಬೆವರ ಹನಿ. ಒಬ್ಬರ ಹೆಸರಲ್ಲ, ಎಲ್ಲರ ಬೆವರಿನ ಹೆಸರು.

ಈಗ ದೇವರ ವಾಕ್ಯಕ್ಕೆ ಬರೋಣ. ಈ ಅಧ್ಯಾಯ ಬರೀ ಹೆಸರುಗಳ ಪಟ್ಟಿ ಅಂತ ನಾವು ದಾಟಿ ಹೋಗ್ತೀವಿ. ಆದರೆ ಒಂದು ಟೀಮ್ ಹೇಗೆ ಕಟ್ಟಬೇಕು ಅನ್ನೋದು ಇಲ್ಲೇ ಇದೆ.

ಒಂದು: ಪ್ರತಿಯೊಬ್ಬನಿಗೂ ಒಂದು ಪಾಲು. 8ನೇ ವಚನದಲ್ಲಿ ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು ಗೋಡೆ ಕಟ್ಟುತ್ತಾರೆ. 12ನೇ ವಚನದಲ್ಲಿ ಶಲ್ಲೂಮನ ಹೆಣ್ಣುಮಕ್ಕಳು. ಇವರ್‍ಯಾರೂ ಗೌಂಡಿಗಳಲ್ಲ. ‘ಇದು ನನ್ನ ಕೆಲಸ ಅಲ್ಲ’ ಅಂತ ಯಾರೂ ಅನ್ನಲಿಲ್ಲ.

ಎರಡು: ಕೈ ಹಚ್ಚದವರನ್ನು ನೋಡುತ್ತಾ ನಿಲ್ಲಬೇಡಿ. 5ನೇ ವಚನ ನೋಡ್ರಿ, ತೆಕೋವದ ಶ್ರೀಮಂತರು ಹೆಗಲು ಕೊಡಲಿಲ್ಲ. ನಿಮ್ಮ ಆಫೀಸಿನಲ್ಲೂ ಅಂಥವರು ಇರ್ತಾರೆ. ಆದರೆ 27ನೇ ವಚನದಲ್ಲಿ ಅದೇ ತೆಕೋವದ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಪಾಲನ್ನೂ ಕಟ್ಟಿದರು! ದೊಡ್ಡವರು ಬರಲಿಲ್ಲ ಅಂತ ಅವರು ಕೈ ಬಿಡಲಿಲ್ಲ. ಹಲ್ಲೆಲೂಯ!

ಮೂರು: ನಿನ್ನ ಪಾಲಿನಲ್ಲಿ ಬಿರುಕಿದ್ದರೆ ಮುಚ್ಚಿಡಬೇಡ. ಗೋಡೆಯಲ್ಲಿ ಒಂದು ಕಡೆ ಸಂದಿ ಬಿಟ್ಟರೆ ಇಡೀ ಊರಿಗೇ ಅಪಾಯ. ಇದನ್ನು ನಾನು ನೋವಿನಿಂದ ಕಲಿತೆ. ಹಿಂದೆ ನಾನಿದ್ದ ಆಫೀಸಿನಲ್ಲಿ ಒಂದು ಲೆಕ್ಕ ತಪ್ಪಿತು. ತಪ್ಪು ನನ್ನದು, ಮೀಟಿಂಗ್‌ನಲ್ಲಿ ಬೈಸಿಕೊಂಡವನು ಪಕ್ಕದ ಸೀಟಿನ ಹುಡುಗ. ನಾನು ಸುಮ್ಮನೆ ಕೂತೆ. ಆ ಭಾನುವಾರ ಆರಾಧನೆಯಲ್ಲಿ ಬಾಯಿಂದ ಸ್ತೋತ್ರ ಬಂತು, ಒಳಗೆ ಸಮಾಧಾನ ಇರಲಿಲ್ಲ. ಪವಿತ್ರಾತ್ಮನು ಬಿಡಲಿಲ್ಲ. ಸೋಮವಾರ ಎಲ್ಲರ ಮುಂದೆ ಒಪ್ಪಿಕೊಂಡೆ. ಆ ವರ್ಷ ಬಡ್ತಿ ಸಿಗಲಿಲ್ಲ. ಆದರೆ ಅಂದಿನಿಂದ ಆ ಹುಡುಗನೂ ತನ್ನಿಂದ ತಪ್ಪಾದರೆ ಮೊದಲೇ ಬಂದು ಹೇಳತೊಡಗಿದ; ಕೂಡಿ ಸರಿಪಡಿಸುತ್ತಿದ್ದೆವು. ನಮ್ಮ ಟೀಮ್ ಶುರುವಾದದ್ದು ಆ ದಿನ.

ಯೆರೂಸಲೇಮಿನ ಗೋಡೆ 52 ದಿನಗಳಲ್ಲಿ ಮುಗಿಯಿತು (6:15). ಶತ್ರುಗಳೇ ಇದು ದೇವರ ಕೆಲಸ ಅಂತ ತಿಳಿದುಕೊಂಡರು.

ನಾಳೆ ಆಫೀಸಿಗೆ ಹೋಗುವ ಮುನ್ನ ಮೊಣಕಾಲೂರಿ ಒಂದೇ ಪ್ರಶ್ನೆ ಕೇಳಿ: ‘ಕರ್ತನೇ, ನಾನು ಯಾರ ಬಳಿ ಹೋಗಿ ತಪ್ಪು ಒಪ್ಪಿಕೊಳ್ಳಬೇಕು?’ ಆತನು ಒಂದು ಹೆಸರು ನೆನಪಿಗೆ ತಂದರೆ, ಮೊದಲು ಅವರ ಸೀಟಿನ ಹತ್ತಿರ ಹೋಗಿ. ನಿಮ್ಮ ಸೀಟಿಗೆ ಆಮೇಲೆ.

ಪ್ರಾರ್ಥಿಸೋಣ. ಆಮೆನ್.