ರಕ್ಷಿಸಿದ ನಾಯಿ: ಕರುಣೆಯೂ ಶುಚಿತ್ವವೂ

ಮರಿ ಮಾರುವ ದಂಧೆಗೆಂದು ಗೂಡಿನಲ್ಲೇ ಕೂಡಿಹಾಕಿದ್ದ ನಾಯಿಗಳು ಮನುಷ್ಯರ ಕೈ ಕಂಡರೂ ಬೆದರುತ್ತವೆ. ಮನೆ, ತೋಟದ ಕಾವಲಿಗೆ ಅಂಥದ್ದನ್ನು ತಂದವರು ಬಲವಂತವಾಗಿ ಮುಟ್ಟಬೇಡಿ. ಹೊರಗೆ ನೆರಳು, ನೀರು, ಹೊತ್ತಿಗೆ ಸರಿಯಾಗಿ ಆಹಾರ ಕೊಡಿ. ಅದಾಗಿಯೇ ಹತ್ತಿರ ಬರುವವರೆಗೆ ಕಾಯಿರಿ.

ಬಾಯಾರಿದ ನಾಯಿಗೆ ನೀರುಣಿಸಿದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ ತೊಳೆಯಲು ಹೇಳಿದವರೂ ಅವರೇ. ಆದ್ದರಿಂದ ಅದರ ತಟ್ಟೆ ಬೇರೆಯೇ ಇರಲಿ. ಪಶುವೈದ್ಯರಿಂದ ರೇಬೀಸ್ ಲಸಿಕೆ, ಜಂತುಹುಳದ ಔಷಧ ಕೊಡಿಸಿ.

ಹೆದರಿದ ನಾಯಿ ಕಚ್ಚೀತು. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಬೇಡ. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ. ಲಕ್ಷಣ ಕಂಡ ಮೇಲೆ ಜೀವ ಉಳಿಯುವುದು ತೀರಾ ಅಪರೂಪ. ರೇಬೀಸ್ ತಡೆಯುವ ಮದ್ದು ಯುನಾನಿ ವೈದ್ಯನಾದ ನನ್ನ ಬಳಿಯೂ ಇಲ್ಲ.