ಮೂರು ಅಂತಸ್ತಿನ ತಟ್ಟೆಗೆ ಮುನ್ನ ಒಂದು ಲೆಕ್ಕ

‘ಅಕ್ಕಾ, ಲಂಡನ್ನಿನಲ್ಲಿ ಅಷ್ಟು ಕಾಸು ಕೊಟ್ಟು ಆಫ್ಟರ್‌ನೂನ್ ಟೀಗೆ ಹೋಗೋದು ಸರೀನಾ?’ ಮಗನ ಮನೆಗೆ ಹೊರಟಿರುವ ನಂದಗುಡಿಯ ನೆರೆಯವರೊಬ್ಬರು ಕೇಳಿದರು. ಮಗಳನ್ನು ನೋಡಲು ಹೋದಾಗ ನಾವೂ ಇದೇ ಲೆಕ್ಕ ಹಾಕಿದ್ದೆವು. ಅದನ್ನು ಚಹಾದ ಖರ್ಚಿಗೆ ಬರೆಯದೆ ಊಟದ ಖರ್ಚಿಗೆ ಬರೆಯಿರಿ. ಆಗಲೂ ಹೊಂದಿದರೆ ಧಾರಾಳವಾಗಿ ಹೋಗಿ.

ಈ ಪದ್ಧತಿ ಹುಟ್ಟಿದ್ದೇ ಹಸಿವಿನಿಂದ. 1840ರ ಸುಮಾರಿಗೆ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ರಾತ್ರಿಯೂಟ ತಡವಾಗುತ್ತಿತ್ತು. ನಡುವಿನ ಹಸಿವಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಮರಿಯಾ ಚಹಾದ ಜೊತೆ ತಿಂಡಿ ತರಿಸಿಕೊಳ್ಳತೊಡಗಿದರೆಂದು ಹೇಳುತ್ತಾರೆ. ಈಗ ಬೆರಳಗಲದ ಸ್ಯಾಂಡ್‌ವಿಚ್, ಬನ್ನಿನಂಥ ಸ್ಕೋನ್, ಗಟ್ಟಿ ಕೆನೆ, ಜಾಮ್, ಪುಟ್ಟ ಕೇಕುಗಳು ಮೂರು ಅಂತಸ್ತಿನ ತಟ್ಟೆಯಲ್ಲಿ ಬರುತ್ತವೆ. ಎಲ್ಲ ತಿಂದರೆ ಒಂದು ಹೊತ್ತಿನ ಊಟವೇ ಆಯಿತು.

ಲಂಡನ್ನಿನ ದೊಡ್ಡ ಹೋಟೆಲುಗಳಲ್ಲಿ ತಲೆಗೆ 60 ಪೌಂಡಿಗಿಂತ ಕಡಿಮೆಗೆ ಸಿಗುವುದು ಅಪರೂಪ. ಇಬ್ಬರಿಗೆ 120. ಸಾಮಾನ್ಯವಾಗಿ ಸೇರಿಸುವ 12.5% ಸೇವಾ ಶುಲ್ಕ ಕೂಡಿದರೆ 135. ಪೌಂಡಿಗೆ 110 ರೂಪಾಯಿ ಹಿಡಿದರೂ 14,850 ರೂ. ನಮ್ಮ ಕಾರ್ಡಿನ ವಿದೇಶಿ ವಿನಿಮಯ ಶುಲ್ಕ 3.5% ಇದ್ದರೆ, ಅದರ ಮೇಲಿನ ಜಿಎಸ್‌ಟಿಯೂ ಸೇರಿ 15,400 ದಾಟುತ್ತದೆ.

ನಾವು ಮಧ್ಯಾಹ್ನ ಒಂದು ಗಂಟೆಗೆ ಮೇಜು ಕಾದಿರಿಸಿ, ಅಂದಿನ ಊಟ ಬಿಟ್ಟೆವು. ರಾತ್ರಿಗೆ ಮಗಳ ಮನೆಯಲ್ಲಿ ಅನ್ನ ಸಾರು. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿದ್ದೆವು. ಸ್ಯಾಂಡ್‌ವಿಚ್ಚಿನಲ್ಲಿ ಮೀನು, ಸಿಹಿಯಲ್ಲಿ ಜೆಲಟಿನ್ ಇರುವುದುಂಟು. ವರ್ಷಗಳ ನಂತರ ನಾನೂ ಯಜಮಾನರೂ ಯಾವ ಅವಸರವೂ ಇಲ್ಲದೆ ಎದುರುಬದುರು ಕೂತು ಮಾತಾಡಿದೆವು. ನಮಗೆ ಆ ದುಡ್ಡು ಸಾರ್ಥಕವಾಯಿತು. ಆದರೆ ಮೊಟ್ಟೆ ಮುಟ್ಟದವರು, ಸಕ್ಕರೆ ಕಾಯಿಲೆಯವರು, ಎರಡೇ ದಿನದಲ್ಲಿ ಊರೆಲ್ಲ ನೋಡಬೇಕಾದವರು ಇದಕ್ಕೆ ದುಡ್ಡು ಹಾಕುವುದು ಬೇಡ.

ರುಚಿ ನೋಡಿದರೆ ಸಾಕು ಅನ್ನುವವರಿಗೆ ‘ಕ್ರೀಮ್ ಟೀ’ ಇದೆ. ಡೆವನ್, ಕಾರ್ನ್‌ವಾಲ್ ಕಡೆ ಹೆಸರಾದ ಇದರಲ್ಲಿ ಸ್ಕೋನ್, ಕೆನೆ, ಜಾಮ್, ಚಹಾ ಮಾತ್ರ. ಸಾಧಾರಣ ಕೆಫೆಗಳಲ್ಲಿ ಖರ್ಚು ಬಹಳ ಕಡಿಮೆ.

ಪ್ರವಾಸಕ್ಕೆ ಮೊದಲೇ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಇಂಥ ಚಹಾಕ್ಕೆ ಕೂತು ನೋಡುವುದೂ ಒಳ್ಳೆಯದು. ನಮ್ಮ ನಂದಗುಡಿಯಿಂದ ಹೊಸಕೋಟೆ ದಾರಿಯಲ್ಲಿ ಹೋದರೆ ಅರ್ಧ ದಿನದ ಕೆಲಸ. ಕೊಠಡಿ ಬಾಡಿಗೆ ದಿನಕ್ಕೆ 7,500 ರೂ. ಮೀರಿದ ಹೋಟೆಲುಗಳಲ್ಲಿ ತಿಂಡಿಗೆ 18% ಜಿಎಸ್‌ಟಿ ಇರುತ್ತದೆ. ಸೇವಾ ಶುಲ್ಕವನ್ನು ಮಾತ್ರ ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಈ ಕುರಿತ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಸೇರಿಸಿದ್ದರೆ ತೆಗೆಯಲು ಹೇಳಿ.

ನೆರೆಯವರಿಗೆ ಹೇಳಿದ್ದು ಇಷ್ಟು: ವಿಮಾನ ಟಿಕೆಟ್ ಕೊಳ್ಳುವಾಗಲೇ ಈ ಹಣ ಬೇರೆ ಎತ್ತಿಡಿ. ಎತ್ತಿಡಲು ಆಗದಿದ್ದರೆ ಕ್ರೀಮ್ ಟೀ ಕುಡಿದು ಬನ್ನಿ. ಕಾರ್ಡಿನ ಕಂತಿನಲ್ಲಿ ಮಾತ್ರ ಖಂಡಿತ ಬೇಡ.